ಕೈ ಬದಲಿಸು

"ಬದಲಿಸೋ! ಕೈ ಬದಲಿಸೋ, ಕತ್ತೆ!"

ಎನೆರಿಯಾ ಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಬೊಗಸೆ ಮಾಡಿಕೊಂಡು ಕೂಗಿದಳು. ಸೂರಿಲ್ಲದ ಅಗ್ಗದ ಬಿಸಿಲುಕಟ್ಟೆಯ ಮೇಲಿದ್ದ ನಾನೂರು ಜನ ಅದೇ ಮಾತನ್ನು ಎತ್ತಿಕೊಂಡರು. ಡೋಲಿನ ನೆಲ್ತೊ ಅದಕ್ಕೊಂದು ಪೆಟ್ಟು ಕೂಡಿಸಿದ. ಕೈ-ಬದ-ಲಿಸು, ಢಂ ಢಂ, ಚೆಂಡೆಸೆಯುವವನನ್ನು ಬದಲಿಸು ಎಂದು. ಮೈದಾನದ ಆಚೆ, ಆಟಗಾರರ ಕಟ್ಟೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಮ್ಯಾನೇಜರ್ ಫೌಸ್ತೊ ಕೆಸಾದಾ ಏನನ್ನೋ ಅಗಿದು ಉಗಿದ. ಅಷ್ಟೇ. ನಿಂತ ಜಾಗದಿಂದ ಕದಲಲಿಲ್ಲ.

ಅದು ಬೇಸ್‌ಬಾಲ್ ಆಟದ ಒಂಬತ್ತನೆಯ, ಅಂದರೆ ಕಡೆಯ ಸರದಿ. ಊರಿನ ತಂಡವಾದ ಏಡಿಗಳು ನಾಲ್ಕು ಓಟ, ರಾಜಧಾನಿಯವರು ಮೂರು. ಬ್ಯಾಟು ಹಿಡಿದ ರಾಜಧಾನಿಯವರಲ್ಲಿ ಇನ್ನು ಮೂವರನ್ನು ಔಟ್ ಮಾಡಿದರೆ ಸಾಕು, ಈ ಬಂದರಿನ ಊರಿನ ತಂಡ ಹನ್ನೊಂದು ವರ್ಷಗಳ ಮೇಲೆ ಫೈನಲಿಗೆ ಹೋಗುತ್ತಿತ್ತು. ಆದರೆ ದಿಬ್ಬದ ಮೇಲೆ ನಿಂತು ಚೆಂಡೆಸೆಯುತ್ತಿದ್ದವನು ಬೆರ್ನಾರ್ದಿನೊ. ನಲವತ್ತು ದಾಟಿದ ಎಡಗೈಯವನು, ಹೊಟ್ಟೆ ಬಂದಿದೆ, ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಊರು ಸುತ್ತಿ ಬಂದಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಈ ತಿಂಗಳಲ್ಲೇ ಗೆದ್ದಂತೆಯೇ ಇದ್ದ ಮೂರು ಆಟಗಳನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟಿದ್ದ. ಇತ್ತ ಬಿಸಿಲುಕಟ್ಟೆಯ ಬುಡದಲ್ಲೇ, ಬದಲಿ ಎಸೆತಗಾರರು ಕೈ ಬಿಸಿ ಮಾಡಿಕೊಳ್ಳುವ ತಂತಿಬಲೆಯ ಗೂಳಿದೊಡ್ಡಿಯಲ್ಲಿ, ಯೋರ್ವಿನ್ ಇದ್ದ. ಇಪ್ಪತ್ತೆರಡರ ಪ್ರಾಯ. ಅವನು ಎಸೆದ ಚೆಂಡು ಹೋಗುವುದು ಕಾಣುವುದಿಲ್ಲ, ಕೇಳಿಸುತ್ತದೆ ಎಂದು ಊರಿನವರು ಹೇಳುತ್ತಿದ್ದರು.

"ಅಕ್ಕಾ, ಲೆಕ್ಕ ಕೇಳು," ಎಂದ ಪಕ್ಕದಲ್ಲಿ ಕೂತಿದ್ದ ಪೆರ್ಸಿಯೊ. ಸುಂಕದ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆಟ ಕಣ್ಣೆದುರಿಗೇ ನಡೆಯುತ್ತಿದ್ದರೂ ಕಿವಿಗೆ ರೇಡಿಯೊ ಒತ್ತಿಕೊಳ್ಳದಿದ್ದರೆ ಅವನಿಗೆ ನಂಬಿಕೆಯಿಲ್ಲ. "ಈ ವಾರ ಫೌಸ್ತೊ ನಾಕು ಸಲ ಯೋರ್ವಿನ್‌ನ ಎಬ್ಬಿಸಿದಾನೆ, ನಾಕು ಸಲ ಕೂರಿಸಿದಾನೆ. ಒಲೆ ಹಚ್ತಾನೆ, ಪಾತ್ರೆ ಇಡಲ್ಲ."

"ಅವನ ತಲೇಲಿ ಒಲೆನೂ ಇಲ್ಲ, ಪಾತ್ರೆನೂ ಇಲ್ಲ. ಬರೀ ಹೊಗೆ!"

ಸುತ್ತಲಿನವರು ಗೊಳ್ಳೆಂದು ನಕ್ಕರು. ನಗು ಮುಗಿಯುವಷ್ಟರಲ್ಲಿ ಬ್ಯಾಟಿನ ಸದ್ದು ಕೇಳಿತು. ಚೆಂಡು ಬಲಗಡೆಯ ಹುಲ್ಲಿಗೆ ಬಿತ್ತು. ರಾಜಧಾನಿಯವನೊಬ್ಬ ಮೊದಲ ಬೇಸ್ ಸೇರಿಕೊಂಡ. ಮುಂದಿನವನು ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾದ, ಗೆಳೆಯನನ್ನು ಎರಡನೆಯ ಬೇಸಿಗೆ ದಾಟಿಸಿದ. ಮೂರನೆಯವನಿಗೆ ಬೆರ್ನಾರ್ದಿನೊ ನಾಲ್ಕು ಎಸೆತ ದಾರಿ ತಪ್ಪಿಸಿ ಎಸೆದು, ಪುಕ್ಕಟೆಯಾಗಿ ಮೊದಲ ಬೇಸ್ ಬಿಟ್ಟುಕೊಟ್ಟ.

"ಅಯ್ಯೋ ಮುದುಕಾ! ಮನೆಗೆ ಹೋಗಿ ಮೊಮ್ಮಕ್ಕಳಿಗೆ ಎಸಿಯೋ!"

"ಯೋರ್-ವಿನ್! ಯೋರ್-ವಿನ್!" ಎನೆರಿಯಾ ಶುರುಮಾಡಿದಳು. ಈ ಸಲ ಬಿಸಿಲುಕಟ್ಟೆಯಷ್ಟೇ ಅಲ್ಲ, ನೆರಳಿನ ಕಡೆಯ ದುಬಾರಿ ಕುರ್ಚಿಗಳವರೂ ಕಾಲು ಬಡಿದರು. ಗಾಜಿನ ಕೋಣೆಯಲ್ಲಿ ಕೂತಿದ್ದ ತಂಡದ ಧಣಿ ಎದ್ದು ನಿಂತ. ಅವನ ಬಿಳಿ ಟೋಪಿ ದೂರದಿಂದಲೂ ಕಾಣುತ್ತಿತ್ತು.

"ಇನ್ನೂ ಜೋರಾಗಿ! ಧಣಿಗೆ ಕೇಳ್ತಾ ಇದೆ," ಎಂದು ಪೆರ್ಸಿಯೊ ಕುಣಿದಾಡಿದ. "ಅವನು ಫೋನ್ ಎತ್ತಿದ್ರೆ ಫೌಸ್ತೊನ ಆಟ ಮುಗೀತು!"

ಎನೆರಿಯಾ ಕೆಳಗೆ ಗೂಳಿದೊಡ್ಡಿಯ ಕಡೆ ನೋಡಿದಳು. ಯೋರ್ವಿನ್ ಎದ್ದು ನಿಂತು ಚೆಂಡೆಸೆಯುತ್ತಿದ್ದ. ಜನ ಹುಚ್ಚೆದ್ದು ಕೂಗಿದರು. ಅವಳೂ ಕೂಗಲು ಬಾಯಿ ತೆರೆದವಳು, ಹಾಗೇ ನಿಂತಳು.

ಊರಿನ ಉಳುಕು ಮುರುಕಿಗೆಲ್ಲ ಎನೆರಿಯಾಳ ಕೈಯೇ ಮದ್ದು. ಮೀನುಗಾರರ ಸೊಂಟ, ಕಬ್ಬು ಕಡಿಯುವವರ ಭುಜ, ಮೋಟಾರ್‌ಬೈಕಿನಿಂದ ಬಿದ್ದವರ ಮಂಡಿ, ಮೂವತ್ತು ವರ್ಷಗಳಿಂದ ಎಣ್ಣೆ ಹಚ್ಚಿ ನೀವಿ ಕೂರಿಸಿದವಳು. ಬಾಗಿಲು ದಾಟಿ ಒಳಗೆ ಬರುವವನ ನಡಿಗೆ ನೋಡಿಯೇ ನೋವು ಎಲ್ಲಿದೆ ಎಂದು ಹೇಳುತ್ತಿದ್ದಳು. ಯೋರ್ವಿನ್ ಚೆಂಡನ್ನು ಬಿಟ್ಟ ಕೂಡಲೇ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡದ್ದು ಅವಳಿಗೆ ಕಂಡಿತು. ಮತ್ತೆ ಎಸೆದ. ಮತ್ತೆ ಒತ್ತಿಕೊಂಡ. ಆಟವಾಡಿಸಲು ಮಗುವಿಗೆ ಎಸೆಯುವಂಥ ಎಸೆತ ಅದು.

"ಎಲ್ಲಿಗಕ್ಕಾ?" ಎಂದ ಪೆರ್ಸಿಯೊ.

"ಹುಡುಗನಿಗೆ ಧೈರ್ಯ ಹೇಳಿ ಬರ್ತೀನಿ. ನೀನು ಕೂಗು ನಿಲ್ಲಿಸಬೇಡ."

ಬಿಯರ್ ಲೋಟಗಳನ್ನು, ಕಾಲುಗಳನ್ನು ದಾಟಿ ಅವಳು ಕಟ್ಟೆಯ ಬುಡಕ್ಕೆ ಇಳಿದಳು. ತಂತಿಬಲೆಗೆ ಮುಖ ಆನಿಸಿ, "ಯೋರ್ವಿನ್! ಬಾ ಇಲ್ಲಿ," ಎಂದಳು. ಅವನು ಅವಳನ್ನು ಬಲ್ಲ. ಅವನ ತಾಯಿಯ ಬೆನ್ನು ನೀವಿದ್ದವಳು ಅವಳೇ. ನಗುತ್ತಾ ಹತ್ತಿರ ಬಂದ.

"ಕೂಗ್ತಾ ಇರಿ ಅಮ್ಮಾ. ಇನ್ನೊಂದ್ ಸ್ವಲ್ಪ ಜೋರಾಗಿ ಕೂಗಿ, ಕರೆದೇ ಕರೀತಾರೆ."

"ಕೈ ಕೊಡು."

"ಯಾವ ಕೈ?"

"ನನ್ ಹತ್ರ ನಾಟಕ ಆಡಬೇಡ. ಬಲಗೈ."

ಅವನು ಹಿಂದೆ ಮುಂದೆ ನೋಡಿ ಮೊಣಕೈಯನ್ನು ಬಲೆಗೆ ಒತ್ತಿದ. ಎನೆರಿಯಾ ತಂತಿಯ ಸಂದಿನಲ್ಲಿ ಎರಡು ಬೆರಳು ತೂರಿಸಿ ಒಳಮಗ್ಗುಲನ್ನು ಮುಟ್ಟಿದಳು. ಕಾದ ಹೆಂಚಿನ ಹಾಗಿತ್ತು. ಮೂಳೆಯ ಪಕ್ಕದಲ್ಲಿ ಹಗ್ಗದಂತೆ ಬಿಗಿದಿರಬೇಕಾದದ್ದು ಮೆತ್ತಗೆ ಊದಿತ್ತು. ಮೆಲ್ಲನೆ ಒತ್ತಿದಳು. ಹುಡುಗನ ಮುಖದ ಬಣ್ಣವೇ ಹಾರಿಹೋಯಿತು, ಆದರೂ ಹಲ್ಲು ಕಚ್ಚಿ ನಗು ಉಳಿಸಿಕೊಂಡ.

"ಎಷ್ಟು ದಿನ ಆಯ್ತು?"

"ಹತ್ತು. ಏನೂ ಆಗಿಲ್ಲಮ್ಮಾ. ಹತ್ತೇ ಹತ್ತು ಎಸೆತ ಎಸೀಬಲ್ಲೆ."

"ಹನ್ನೊಂದನೇದು ಜೀವಮಾನದಲ್ಲಿ ಎಸಿಯಲ್ಲ. ಯಾರಿಗೆ ಗೊತ್ತು?"

"ಮ್ಯಾನೇಜರಿಗೆ ಮಾತ್ರ." ಅವನ ದನಿ ಇಳಿಯಿತು. "ಯಾರಿಗೂ ಹೇಳಬೇಡ ಅಂದಿದಾರೆ. ಸುಮ್ನೆ ಎದ್ದು ನಿಂತು ಮೆಲ್ಲಗೆ ಎಸೀತಿರು, ಧಣಿಗೆ ಅನುಮಾನ ಬರಬಾರದು ಅಂದ್ರು. ಬಂದ್ರೆ ಸೂಜಿ ಚುಚ್ಚಿಸಿ ಎಸೆಸ್ತಾರಂತೆ, ಎರ್ಮಿನಿಯೊಗೆ ಮಾಡಿದ ಹಾಗೆ. ಚುಚ್ಚಿಸ್ಲಿ ಬಿಡಿ! ಫೈನಲಿಗೆ ಹೋಗೋ ಆಟ ಅಮ್ಮಾ ಇದು. ನೀವು ಕೂಗಿ. ನೀವು ಕೂಗಿದ್ರೆ ಊರೇ ಕೂಗುತ್ತೆ."

ಎರ್ಮಿನಿಯೊನ ಕೈಯನ್ನೂ ಅವಳು ಕಂಡಿದ್ದಳು. ಎರಡು ವರ್ಷದ ಹಿಂದೆ ಬಿಸಿಲುಕಟ್ಟೆ ಅವನ ಹೆಸರನ್ನೂ ಹೀಗೆಯೇ ಕೂಗಿತ್ತು, ಅವಳ ದನಿಯೇ ಮುಂದಾಗಿ. ಈಗ ಅವನು ಅವಳ ಮನೆಗೆ ಬಂದರೆ ಅಂಗಿಯ ಗುಂಡಿ ಬಿಚ್ಚಲು ಹೆಂಡತಿ ಜೊತೆಗೆ ಬರುತ್ತಾಳೆ.

ಕಾಲು ಬಡಿಯುವ ಸದ್ದಿಗೆ ತಲೆಯ ಮೇಲಿನ ಹಲಗೆಗಳು ನಡುಗುತ್ತಿದ್ದವು. ಯೋರ್-ವಿನ್! ಯೋರ್-ವಿನ್! ಅವಳು ಬಲೆಯಿಂದ ತಿರುಗಿ ಗಾಜಿನ ಕೋಣೆ ನೋಡಿದಳು. ಬಿಳಿ ಟೋಪಿಯವನ ಕಿವಿಯ ಹತ್ತಿರ ಫೋನಿತ್ತು. ಕೆಳಗೆ, ಆಟಗಾರರ ಕಟ್ಟೆಯಲ್ಲಿ, ಫೌಸ್ತೊ ಫೋನ್ ಹಿಡಿದು ಏನೋ ಹೇಳುತ್ತಿದ್ದ. ತಲೆ ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ.

ಎನೆರಿಯಾ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಈ ವಯಸ್ಸಿನಲ್ಲಿ ಹಾಗೆ ಹತ್ತಬಾರದು ಎಂದು ಬೇರೆಯವರಿಗೆ ಹೇಳುವವಳೇ ಅವಳು. ಮೇಲೆ ಬಂದವಳೇ ನೆಲ್ತೊನ ಡೋಲಿನ ಮೇಲೆ ಅಂಗೈ ಅಗಲಿಸಿ ಒತ್ತಿದಳು. ಸದ್ದು ಸತ್ತಿತು.

"ನಿಲ್ಸು. ಬೆರ್ನಾನ ಹೆಸರಿಗೆ ಬಾರಿಸು."

"ಯಾರ ಹೆಸರಿಗೆ?"

"ಬೆರ್ನಾ! ಬೆರ್ನಾ! ಬಾರಿಸೋ!"

ನೆಲ್ತೊ ಬಾಯಿ ಬಿಟ್ಟುಕೊಂಡು ನೋಡಿದ. ಪೆರ್ಸಿಯೊ ಕಿವಿಯಿಂದ ರೇಡಿಯೊವನ್ನೇ ಇಳಿಸಿದ. "ಅಕ್ಕಾ, ತಲೆಗೆ ಬಿಸಿಲು ಹತ್ತಿತಾ? ಆ ಮುದುಕ ನಮ್ಮನ್ನ ಮುಳುಗಿಸ್ತಾ ಇದಾನೆ. ನೀನೇ ಹೇಳಿದ್ಯಲ್ಲ, ಅವನು ಎಸೆಯೋ ಚೆಂಡಿನ ಮೇಲೆ ನೊಣ ಕೂತು ಊಟ ಮಾಡ್ಬೋದು ಅಂತ!"

"ಹೇಳಿದ್ದೆ."

"ಮತ್ತೆ? ಫೌಸ್ತೊ ಏನಾದ್ರೂ ನಿನಗೆ ಲಂಚ ಕೊಟ್ನಾ?"

ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದರು. ಐಸಿನ ಚೂರೊಂದು ಅವಳ ಕುತ್ತಿಗೆಗೆ ಬಡಿದು ರವಿಕೆಯೊಳಗೆ ಜಾರಿತು. ನಿಜ ಹೇಳಿದರೆ ಮುಗಿಯಿತು: ಪೆರ್ಸಿಯೊನ ಬಾಯಿಗೆ ಬಿದ್ದ ಮಾತು ಐದು ನಿಮಿಷದಲ್ಲಿ ಗಾಜಿನ ಕೋಣೆ ಮುಟ್ಟುತ್ತದೆ. ಎನೆರಿಯಾ ಬೆಂಚು ಹತ್ತಿದಳು. ಹುಟ್ಟಿದಾಗಿನಿಂದ ಆಟದ ವಿಷಯದಲ್ಲಿ ಅವಳು ಸುಳ್ಳು ಹೇಳಿರಲಿಲ್ಲ.

"ಕೇಳ್ರೋ! ಯೋರ್ವಿನ್ ನನ್ನ ಕೈಲಿ ಹೇಳಿ ಕಳಿಸಿದಾನೆ. ಬೆರ್ನಾ ನನಗೆ ಅಣ್ಣ ಇದ್ದ ಹಾಗೆ, ಈ ಆಟ ಅವನೇ ಮುಗಿಸಬೇಕು, ಅವನ ಹೆಸರು ಕೂಗದೆ ಇದ್ರೆ ನನ್ನ ಹೆಸರೂ ಕೂಗಬೇಡಿ ಅಂದ! ಹುಡುಗನಿಗಿರೋ ಮರ್ಯಾದೆ ನಿಮಗಿಲ್ವಾ? ಥೂ ನಿಮ್ಮ!"

ನೆಲ್ತೊ, "ಯೋರ್ವಿನ್ ಹಾಗಂದ್ನಾ?" ಎಂದು ಗೊಣಗಿ, ಅನುಮಾನದಿಂದಲೇ ಎರಡು ಪೆಟ್ಟು ಹಾಕಿದ. ಢಂ ಢಂ. "ಬೆರ್-ನಾ," ಎಂದಳು ಎನೆರಿಯಾ. ಒಂಟಿ ದನಿ. ಮತ್ತೆ ಎರಡು ಪೆಟ್ಟು. ಈ ಸಲ ಹಿಂದಿನ ಸಾಲಿನ ಹೆಂಗಸರು ಸೇರಿದರು. ಮೂರನೆಯದಕ್ಕೆ ಅರ್ಧ ಕಟ್ಟೆ. ಐದನೆಯದಕ್ಕೆ ಪೆರ್ಸಿಯೊ ಕೂಡ ಸೇರಿದ, ಕಹಿ ಕಷಾಯ ಕುಡಿದವನ ಮುಖ ಮಾಡಿಕೊಂಡು. "ಬೆರ್-ನಾ! ಬೆರ್-ನಾ!"

ದಿಬ್ಬದ ಮೇಲಿದ್ದ ಬೆರ್ನಾರ್ದಿನೊ ಮೊದಲು ತಲೆ ಎತ್ತಲಿಲ್ಲ. ಬೈಗುಳ ಎಂದುಕೊಂಡಿರಬೇಕು. ಆಮೇಲೆ ಟೋಪಿಯ ಅಂಚು ಮೇಲೆತ್ತಿ ಬಿಸಿಲುಕಟ್ಟೆಯ ಕಡೆ ಅನುಮಾನದಿಂದ ನೋಡಿದ. ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡ. ಮುಂದಿನವನಿಗೆ ಮೂರು ಎಸೆತ ಎಸೆದ. ಮೂರೂ ಸಲ ಬ್ಯಾಟು ಗಾಳಿಯನ್ನೇ ಸೀಳಿತು. ಎರಡು ಔಟ್!

ಬಿಸಿಲುಕಟ್ಟೆ ಹುಚ್ಚಾಯಿತು. ಆದರೆ ಆಮೇಲೆ ಬಂದವನ ತೋಳಿಗೆ ಬೆರ್ನಾರ್ದಿನೊನ ಚೆಂಡು ತಗುಲಿತು. ಅವನೂ ನಡೆದುಕೊಂಡು ಮೊದಲ ಬೇಸಿಗೆ ಹೋದ. ಈಗ ಮೂರೂ ಬೇಸುಗಳಲ್ಲಿ ರಾಜಧಾನಿಯವರು. ಒಂದು ಹೊಡೆತ ಬಿದ್ದರೆ ಎಲ್ಲ ಮುಗಿದ ಹಾಗೆ.

"ಈಗಲಾದ್ರೂ..." ಎಂದ ಪೆರ್ಸಿಯೊ ಅಳುವ ದನಿಯಲ್ಲಿ.

"ಬಾಯ್ಮುಚ್ಚಿಕೊಂಡು ಕೂಗು!"

ಫೌಸ್ತೊ ಮೆಟ್ಟಿಲು ಹತ್ತಿ ಮೈದಾನಕ್ಕೆ ಬಂದ. ನಡೆದುಕೊಂಡು ದಿಬ್ಬದ ತನಕ ಹೋದ. ಅವನು ಬಲಗೈ ಎತ್ತಿದರೆ ಗೂಳಿದೊಡ್ಡಿಯ ಬಾಗಿಲು ತೆರೆಯುತ್ತದೆ. ಎನೆರಿಯಾಳ ಕಣ್ಣು ಆ ಕೈಯ ಮೇಲೇ ಇತ್ತು. ಕೈ ಮೇಲೆದ್ದಿತು, ಬೆರ್ನಾರ್ದಿನೊನ ಭುಜದ ಮೇಲೆ ಬಿತ್ತು, ಒಮ್ಮೆ ತಟ್ಟಿತು. ಫೌಸ್ತೊ ತಿರುಗಿ ನಡೆದ. ನೆರಳಿನ ಕಡೆಯವರು ಎಸೆದ ಲೋಟಗಳು ಅವನ ಸುತ್ತ ಬಿದ್ದವು. ಗಾಜಿನ ಕೋಣೆಯಲ್ಲಿ ಬಿಳಿ ಟೋಪಿ ಮೇಜಿಗೆ ಅಪ್ಪಳಿಸಿತು.

ಬ್ಯಾಟು ತಪ್ಪಿಸಿಕೊಂಡದ್ದು, ಒಂದು ಸ್ಟ್ರೈಕ್. ಒಂದು ದಾರಿ ತಪ್ಪಿದ್ದು. ಇನ್ನೊಂದು ದಾರಿ ತಪ್ಪಿದ್ದು. ಬ್ಯಾಟಿಗೆ ಸವರಿ ಹಿಂದೆ ಹಾರಿದ್ದು, ಎರಡನೆಯ ಸ್ಟ್ರೈಕ್. ಮತ್ತೂ ಒಂದು ದಾರಿ ತಪ್ಪಿತು. ಇನ್ನೊಂದು ತಪ್ಪಿದರೆ ಮೂರನೆಯ ಬೇಸಿನವನಿಗೆ ಪುಕ್ಕಟೆ ಓಟ, ಆಟ ಸಮ. ಬೆರ್ನಾರ್ದಿನೊ ಊರನ್ನೆಲ್ಲ ಸುತ್ತಿ ಬಂದಷ್ಟು ಹೊತ್ತು ಮಾಡಿ, ಎದೆಗೆ ಶಿಲುಬೆ ಬರೆದುಕೊಂಡು, ಎಸೆದ.

ಠಣ್ಣೆಂದು ಹೊಡೆದ ಚೆಂಡು ನೇರ ಅವನ ಮೊಣಕಾಲಿಗೇ ಬಂದು ಬಡಿಯಿತು. ಅವನು ಬಿದ್ದ. ಚೆಂಡು ಮೂರನೆಯ ಬೇಸಿನ ಕಡೆ ಉರುಳಿತು. ಬೇಸುಗಳಲ್ಲಿದ್ದ ಮೂವರು, ಹೊಡೆದವನೊಬ್ಬ, ನಾಲ್ಕು ಜೊತೆ ಕಾಲುಗಳು ಒಟ್ಟಿಗೆ ಓಡಿದವು. ಬೆರ್ನಾರ್ದಿನೊ ಎರಡು ಮಂಡಿ ಒಂದು ಕೈಯಲ್ಲಿ ಅಂಬೆಗಾಲಿಟ್ಟ, ಚೆಂಡು ಹಿಡಿದ, ಎದ್ದು ನಿಲ್ಲದೆ, ನೋಡದೆ, ಮಂಡಿಯೂರಿದಲ್ಲಿಂದಲೇ ಮೊದಲ ಬೇಸಿಗೆ ಬೀಸಿದ.

ಹೊಡೆದವನು ತಲುಪುವ ಮೊದಲೇ ಚೆಂಡು ಅಲ್ಲಿತ್ತು. ಅಂಪೈರ್ ಮುಷ್ಟಿ ಬಿಗಿದು ಗಾಳಿಗೆ ಗುದ್ದಿದ. ಔಟ್!

ಆಮೇಲೆ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಾಗಲಿಲ್ಲ. ಪೆರ್ಸಿಯೊ ಎನೆರಿಯಾಳನ್ನು ಎತ್ತಲು ಹೋಗಿ ಇಬ್ಬರೂ ಮುಂದಿನ ಸಾಲಿನವರ ಮೇಲೆ ಬಿದ್ದರು. ನೆಲ್ತೊನ ಡೋಲಿನ ಚರ್ಮ ಹರಿಯಿತು. ಕೆಳಗೆ ಯೋರ್ವಿನ್ ಎಡಗೈಯಿಂದ ಬಾಗಿಲು ತಳ್ಳಿ ಓಡಿ ಹೋಗಿ ಬೆರ್ನಾರ್ದಿನೊನ ಮೇಲೆ ಬಿದ್ದ.

ಹೊರಗೆ ಬರುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. "ಗೆದ್ದಿದ್ದು ನಾವು, ಆ ಕತ್ತೆ ಅಲ್ಲ," ಎಂದು ಪೆರ್ಸಿಯೊ ದಾರಿಯುದ್ದಕ್ಕೂ ಹೇಳಿದ. "ಮಂಗಳವಾರ ಫೈನಲಲ್ಲಿ ಹಿಂಗೇ ಮಾಡಿದ್ರೆ? ಧಣಿ ಅವನನ್ನ ಇವತ್ತೇ ಓಡಿಸ್ಬೇಕು. ಏನಕ್ಕಾ?"

"ಗಂಟಲು ಬಿದ್ದೋಗಿದೆ ಕಣೋ," ಎಂದಳು ಎನೆರಿಯಾ.

ಹಿಂದಿನ ಗೇಟಿನ ಹತ್ತಿರ ಕ್ಲಾರಿವೆಲ್ ಎಂಬವಳು ಬಾಣಲೆ ಇಟ್ಟುಕೊಂಡು ಕರಿದ ಅಗಲ ರೊಟ್ಟಿ ಮಾರುತ್ತಿದ್ದಳು. ಎನೆರಿಯಾ ಒಂದನ್ನು ಕಾಗದದಲ್ಲಿ ಹಿಡಿದು ತಿರುಗುವಷ್ಟರಲ್ಲಿ ಫೌಸ್ತೊ ಕೆಸಾದಾ ಒಬ್ಬನೇ ಬಂದು ನಿಂತಿದ್ದ, ಸಮವಸ್ತ್ರದ ಮೇಲೊಂದು ಹಳೆಯ ಜಾಕೆಟ್.

"ಒಂದು ಕೊಡಮ್ಮ."

"ಮುಗೀತು," ಎಂದಳು ಕ್ಲಾರಿವೆಲ್. ಅವಳ ಮುಂದಿನ ಬುಟ್ಟಿಯಲ್ಲಿ ಹನ್ನೆರಡು ರೊಟ್ಟಿ ಹೊಗೆಯಾಡುತ್ತಿದ್ದವು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಫೌಸ್ತೊ ಬುಟ್ಟಿಯನ್ನು ನೋಡಿದ, ಸುಮ್ಮನೆ ಪಕ್ಕಕ್ಕೆ ಸರಿದ.

ಎನೆರಿಯಾ ತನ್ನ ರೊಟ್ಟಿಯನ್ನು ಎರಡಾಗಿ ಮುರಿದು, ದೊಡ್ಡ ಚೂರನ್ನು ಅವನ ಮುಂದೆ ಹಿಡಿದಳು. "ಬಿಸಿ ಇದೆ. ಜೋಪಾನ."

ಅವನು ಅವಳ ಮುಖವನ್ನು ದಿಟ್ಟಿಸಿದ. "ಬಿಸಿಲುಕಟ್ಟೆ ಮೇಲೆ ಬೆಂಚು ಹತ್ತಿ ನಿಲ್ಲೋರು ನೀವೇ ಅಲ್ವಾ? ನಮ್ಮಮ್ಮನ್ನೂ ಬಿಡದೆ ಬೈಯೋರು?"

"ನಾನೇ."

"ಒಳ್ಳೆ ಗಂಟಲು." ಚೂರನ್ನು ತೆಗೆದುಕೊಂಡು ಬಾಯಿಗಿಟ್ಟ.

ಪೆರ್ಸಿಯೊ ದೂರದಿಂದ, "ಅಕ್ಕಾ! ಅವನಿಗ್ಯಾಕೆ!" ಎಂದು ಕೂಗಿದ. ಅವಳು ತಿರುಗಲಿಲ್ಲ. ರೊಟ್ಟಿ ಕಚ್ಚಿ, ಅಗಿಯುತ್ತಲೇ, ತುಟಿ ಹೆಚ್ಚು ಅಲ್ಲಾಡಿಸದೆ, "ಬರೀ ಐಸ್ ಇಟ್ರೆ ಸಾಲದು. ಬೆಳಿಗ್ಗೆ ಆರಕ್ಕೆ ಹುಡುಗನ್ನ ನಮ್ಮನೆಗೆ ಕಳಿಸಿ. ಹಿತ್ತಿಲ ಬಾಗಿಲಿಂದ," ಎಂದಳು.

ಫೌಸ್ತೊನ ದವಡೆ ನಿಂತಿತು. ಅಷ್ಟರಲ್ಲಿ ಒಂದೇ ಮೋಟಾರ್‌ಬೈಕಿನ ಮೇಲೆ ನಾಲ್ವರು ಬಾವುಟ ಬೀಸುತ್ತಾ, ಹಾರ್ನ್ ಒತ್ತುತ್ತಾ ಅವರನ್ನು ಸವರಿಕೊಂಡೇ ಹೋದರು. ಕೆಂಪು ಧೂಳು ಎದ್ದಿತು. ಇಬ್ಬರೂ ಗೋಡೆಯ ಕಡೆಗೆ ತಿರುಗಿ, ಧೂಳು ಇಳಿಯುವ ತನಕ, ತಮ್ಮ ತಮ್ಮ ರೊಟ್ಟಿಯ ಚೂರಿನ ಮೇಲೆ ಅಂಗೈ ಮುಚ್ಚಿಕೊಂಡು ನಿಂತರು.