ಖರ್ಜೂರದ ತೋಟದ ಬೋಗುಣಿ

"ಉಗಿಯೇ ಮುಂಡೆ, ನುಂಗ್ಬೇಡ! ಬಾಯಾಗಿರೋದೆಲ್ಲ ಬೋಗುಣೀಗ್ ಬೀಳ್ಬೇಕು."

ಪುಟ್ಟಸ್ವಾಮಿ ಗೌಡ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ಖರ್ಜೂರದ ಕುಯ್ಲು ಶುರುವಾದಾಗಿನಿಂದ ನಮ್ಮಂಥ ಕೂಲಿಹೆಂಗಸರಿಗೆಲ್ಲ ಇದೇ ಮರ್ಯಾದೆ. ಸಂಜೆ ಹೊರಡುವ ಮುಂಚೆ ಒಬ್ಬೊಬ್ಬರೂ ಬಾಯಿ ಮುಕ್ಕಳಿಸಿ ಅವನ ಮುಂದಿನ ಬಿಳಿ ಬೋಗುಣಿಗೆ ಉಗಿಯಬೇಕು. ಹಣ್ಣಿನ ಚೂರು ಕಂಡರೆ ಕಳ್ಳಿ. ನಾವು ಮುಟ್ಟಿದ ಲೋಟ ಇವತ್ತಿಗೂ ಅವನ ಅಡುಗೆಮನೆ ಸೇರುವುದಿಲ್ಲ, ನಮ್ಮ ಉಗುಳನ್ನು ಮಾತ್ರ ಕಣ್ಣಿಟ್ಟು ನೋಡುತ್ತಾನೆ.

ಈ ಉಪಾಯ ಅವನಿಗೆ ಹೊಳೆದದ್ದು ಹುಳುಮನೆಯಿಂದ. ರೇಷ್ಮೆಹುಳುವಿಗೆ ರೋಗ ತಗಲಬಾರದೆಂದು ನಾವು ಬಾಗಿಲಲ್ಲೇ ಬ್ಲೀಚಿಂಗ್ ನೀರಿಗೆ ಕೈಕಾಲು ಅದ್ದಿ ಒಳಹೋಗುತ್ತೇವೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡವರಲ್ಲ, ಹುಳು ಪಾಪ ಮೂಕಜೀವ. ರೇಷ್ಮೆಗೂಡಿನ ರೇಟು ಏರಿ ಗೌಡನ ಕೈಯಲ್ಲಿ ಕಾಸು ಆಡತೊಡಗಿದ ಮೇಲೆ ಹಿಪ್ಪುನೇರಳೆ ಪಕ್ಕದ ಹೊಲಕ್ಕೆ ಗುಜರಾತಿನಿಂದ ಖರ್ಜೂರದ ಸಸಿ ತರಿಸಿದ. ಒಣಗಿಸುವ ಜಾತಿಯಲ್ಲ, ಹಸಿಯಾಗೇ ತಿನ್ನುವ ಹಳದಿ ಹಣ್ಣಿನದು, ಮೆತ್ತನೆಯದು.

ಅದಕ್ಕೆ ಕಾಯಿ ಕಟ್ಟಿಸಿದವಳು ದಾಸಮ್ಮ. ಹೆಣ್ಣುಮರದ ಹೊಂಬಾಳೆ ಒಡೆದಾಗ ಗಂಡುಹೂವಿನ ಪುಡಿಯನ್ನು ಅರಳೆಯಲ್ಲಿ ಹಿಡಿದು ಎಳೆಎಳೆಗೂ ತಾಕಿಸಬೇಕು. ಮುಳ್ಳು ಚುಚ್ಚಿ ಅವಳ ಕೈಯೆಲ್ಲ ಗಾಯ. ಇಷ್ಟಾದರೂ ಒಂದು ಹಣ್ಣು ಅವಳ ಬಾಯಿಗೆ ಬಿದ್ದಿರಲಿಲ್ಲ.

"ಎಂಗಿರ್ತದೋ ಮುನಿತಾಯಿ, ಒಸಿ ನಾಲ್ಗೆಗ್ ತಾಕುದ್ರೆ ಸಾಕು" ಎಂದು ನನ್ನ ಹತ್ತಿರ ಅನ್ನುತ್ತಲೇ ಇದ್ದಳು. ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಗೌಡನ ಹೆಂಡತಿ, "ಬೆಂಗ್ಳೂರ್ ಮಾಲು ಕಣಮ್ಮಿ ಅದು, ನಿಮ್ ಬಾಯ್ಗಲ್ಲ" ಎಂದಿದ್ದಳು.

ಅವತ್ತು ದಾಸಮ್ಮ ಉಗಿದ ನೀರಿನಲ್ಲಿ ಹಳದಿ ಎಳೆಯೊಂದು ತೇಲಿತು.

"ಸಿಕ್ಬಿದ್ಲು! ಏನಮ್ಮೀ ದಾಸಿ ಇದು?"

"ಕುಂಬಳಕಾಯಿ ಬುದ್ಧೀ. ಮದ್ಯಾನ ಮುದ್ದೇಗೆ ಕುಂಬಳಕಾಯ್ ಸಾರು ತಂದಿದ್ದೆ. ಮುನಿತಾಯೀನೂ ಉಂಡವ್ಳೆ, ಕೇಳಿ."

"ಊಂ ಬುದ್ಧೀ, ಕುಂಬಳಕಾಯೇಯ" ಎಂದೆ ನಾನು.

"ಕಳ್ಳೀಗ್ ಕಳ್ಳಿ ಸಾಕ್ಸಿ! ಆ ಚೂರ್ ತಗ್ದು ತಿರ್ಗಾ ಬಾಯ್ಗಾಕ್ಕೊ. ಎಲ್ರೆದ್ರಿಗೂ ತಿಂದ್ಬುಟ್ಟು ಯಾವ್ದು ಅಂತ ಯೋಳು."

ಬೋಗುಣಿಯಲ್ಲಿ ನಮ್ಮೆಲ್ಲರ ಉಗುಳಿತ್ತು. ಅದನ್ನೆತ್ತಿ ಅವನ ತಲೆಗೆ ಸುರಿಯಬೇಕೆನ್ನಿಸಿತು. ಆದರೂ ಸರದಿಯ ಸಾಲಿನಲ್ಲೇ ನಿಂತಿದ್ದೆ.

ದಾಸಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವಾಪಸ್ಸು ತೋಟದೊಳಕ್ಕೆ ನಡೆದಳು. ಮೊದಲ ಸಾಲಿನ ಮರದ ಗೊನೆಗೆ ಕಟ್ಟಿದ್ದ ಬಲೆಚೀಲ ಹರಿದು, ಒಂದನ್ನು ಕಿತ್ತು ಕಚ್ಚಿದಳು. ಮುಖ ಕಿವುಚಿಕೊಂಡಿತು.

"ಥೂ, ಒಗ್ರು ಕಣಮ್ಮಿ!" ಎಂದು ನನ್ನ ಕಡೆ ಕೂಗಿದಳು. "ಇದ್ಕಾ ಈ ಬೋಳಿಮಗ ನಮ್ ಬಾಯ್ ನೋಡ್ತಿದ್ದಿದ್ದು?"

ಗೌಡ ಕುರ್ಚಿಯಿಂದ ಎದ್ದೇಬಿಟ್ಟ. "ಲೇ! ನಾಳಿಂದ ತ್ವಾಟುಕ್ಕೂ ಬರ್ಬೇಡ, ಉಳುಮನೇಗೂ ಬರ್ಬೇಡ!"

"ಆಯ್ತು ಬುಡು. ಇವತ್ತಿನ್ನೂ ವೊತ್ತೈತೆ."

ಈ ಸಲ ಅವಳು ಅವನನ್ನು 'ಬುದ್ಧೀ' ಅನ್ನಲಿಲ್ಲ. ಪಕ್ಕದ ಮರಕ್ಕೆ ಹೋಗಿ ಒಂದೊಂದೇ ಹಣ್ಣನ್ನು ಬೆರಳಲ್ಲಿ ಅದುಮಿ ನೋಡಿದಳು. ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದಳು.

"ಬಾ ಮುನಿತಾಯಿ. ಇವು ಮೆತ್ಗವೆ."

ನಾನು ಸಾಲು ಬಿಟ್ಟು ಹೊರಟೆ. ನನ್ನ ಹಿಂದೆ ಸಾಲಿನಲ್ಲಿದ್ದ ಭದ್ರಮ್ಮ ಬಂದಳು, ಅವಳ ಹಿಂದೆ ಮಿಕ್ಕವರೂ ಬಂದರು. ಗೌಡ ಫೋನು ಕಿವಿಗಿಟ್ಟು ಪೊಲೀಸಿನವರನ್ನು ಕೂಗುತ್ತ, ಹೊರಗಿನಿಂದ ಗೇಟಿಗೆ ಬೀಗ ಜಡಿದ. ನಾವು ಒಳಗೇ ಇದ್ದೆವು, ತಿನ್ನುತ್ತ.