ಸೋಲಲರಿಯದ ತಾರ್ಕಿಕ

ಸಂಧ್ಯೆಯಾಗುತ್ತಿತ್ತು... ಮಾಗಿಯ ಕೊನೆಯ ಆ ಹೊಂಬಿಸಿಲು ಎಷ್ಟು ಉದಾರವಾಗಿತ್ತೆಂದರೆ, ಸಹೃದಯ ಓದುಗರೇ, ಯೋಗ್ಯರು ಅಯೋಗ್ಯರೆಂಬ ಭೇದವೆಣಿಸದೆ ನಗರದ ಗೋಡೆಗೋಡೆಗೂ ತನ್ನ ಕಾಂತಿಯನ್ನು ಬಳಿದು, ಬೀದಿಯ ತುದಿಯಲ್ಲಿದ್ದ ಆ ಹಳೆಯ ಮಹಡಿ ಮನೆಯನ್ನೂ, ಅದರ ಬಣ್ಣ ಕಿತ್ತ ಕಿಟಕಿಗಳನ್ನೂ, ಒಣಗಹಾಕಿ ಯಾರೂ ಎತ್ತದೆ ಬಿಟ್ಟ ಟವೆಲುಗಳನ್ನೂ ಕ್ಷಣಕಾಲ ಸುಂದರವಾಗಿಸಿಬಿಟ್ಟಿತ್ತು. ಪಾಪ, ಒಳಗೆ ಎಂಥವರಿದ್ದಾರೆಂದು ಸೂರ್ಯನಿಗೇನು ಗೊತ್ತು!

ಒಳಗಿದ್ದವರು ವಿದ್ವಾಂಸರು. ಬರೀ ವಿದ್ವಾಂಸರಲ್ಲ, ಕೂಡಿ ಬಾಳುವ ವಿದ್ವಾಂಸರು! ಸ್ವಾರ್ಥಮಲಿನವಾದ ಸಂಸಾರಗಳಿಗೆ ಪ್ರತಿಯಾಗಿ ಜ್ಞಾನಬಾಂಧವ್ಯವೆಂಬ ನವಬಂಧವೊಂದನ್ನು ಲೋಕಕ್ಕೆ ತೋರಿಸಿಕೊಡುತ್ತೇವೆಂದು ಒಂದೇ ಸೂರಿನಡಿ ಸೇರಿದವರು. ಶ್ರಮದ ಘನತೆಯ ಕುರಿತು ಗಂಟಲು ಬತ್ತುವವರೆಗೆ ಮಾತಾಡಿ, ಉಂಡ ತಟ್ಟೆಯನ್ನು ತೊಟ್ಟಿಯಲ್ಲಿ ಕುಕ್ಕಿ ಹೋಗುವವರು. ಅವರಲ್ಲೊಬ್ಬ ಕವಿಯಂತೂ, ಲೋಟ ತೊಳೆದರೆ ಅದರೊಳಗಿನ ಏಕಾಂತ ಕದಡುತ್ತದೆಂದು ಹೇಳಿ ಉಳಿದವರನ್ನು ತಲೆದೂಗಿಸಿದ್ದ. ಥೂ, ಅದನ್ನೂ ನಂಬುವವರಿದ್ದರು!

ಆ ಮನೆಗೊಂದು ನಿಯಮವಿತ್ತು. ಯಾರಿಗೆ ಏನೇ ಬೇಕೆನಿಸಲಿ, ಸಂಜೆಯ ಸಭೆಯಲ್ಲಿ ಅದನ್ನು ಸೂಚಿಸಬೇಕು. ಸೂಚಿಸಿದವರೇ ಅದರ ವಿರುದ್ಧ ವಾದಿಸಬೇಕು. ಪರವಾಗಿ ಬೇರೊಬ್ಬರು ಮಾತಾಡಬೇಕು. ತನ್ನ ಆಸೆಯನ್ನು ತಾನೇ ಒರೆಗೆ ಹಚ್ಚದವನು ವಿಚಾರವಂತನೇ ಅಲ್ಲವೆಂಬುದು ಅವರ ಸಿದ್ಧಾಂತ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸೋಣವೆಂದು ಹಿಂದೊಮ್ಮೆ ಕವಿಯೇ ಸೂಚಿಸಿದ್ದ. ಬಳಿಕ ನಿಯಮದಂತೆ ಎದ್ದುನಿಂತು, ಆ ತೊಟ್ಟಿಕ್ಕುವ ನಾದ ಕಾಲಪುರುಷನ ಕೊರಳೆಂದು ವರ್ಣಿಸಿ ಸಭಿಕರ ಕಣ್ಣಲ್ಲಿ ನೀರು ತರಿಸಿದ. ನಲ್ಲಿ ಇಂದಿಗೂ ಸೋರುತ್ತಿದೆ.

ಇಂಥ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಆ ಸಂಜೆ ಅನುವಾದಕಿ ಪೆಟ್ಟಿಗೆ ತುಂಬುತ್ತಿದ್ದಳು. ಅಕ್ಕನಿದ್ದ ದೂರದ ಊರಿನ ಪ್ರಕಾಶನವೊಂದರಲ್ಲಿ ಕೆಲಸ ಸಿಕ್ಕಿತ್ತು. ಕತ್ತಲಾದ ಮೇಲೆ ರೈಲು. ಮನೆಯ ಪೊಳ್ಳುತನ ಅವಳಿಗೆ ಎಂದೋ ವಾಕರಿಕೆ ತಂದಿತ್ತು. ಆದರೂ ಅವಳು ಇಷ್ಟು ವರ್ಷ ಅಲ್ಲಿ ಉಳಿದದ್ದು ಒಬ್ಬನಿಗಾಗಿ... ತರ್ಕಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರಿಗಾಗಿ. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ. ಮಾತಿಲ್ಲದೆ ಅವಳ ತಟ್ಟೆಯನ್ನೂ ಸೇರಿಸಿ ತೊಳೆದು, ಎರಡನ್ನೂ ಜೋಡಿಯಾಗಿ ಒರಗಿಸಿಡುತ್ತಿದ್ದ. ಕಿಟಕಿಯ ಬಿಸಿಲಲ್ಲಿ ಒದ್ದೆಯಾಗಿ ಮಿನುಗುವ ಆ ಎರಡು ತಟ್ಟೆಗಳನ್ನು ಕಂಡಾಗಲೆಲ್ಲ ಅವಳ ಎದೆಯಲ್ಲಿ ವಸಂತವೇ ಇಳಿದುಬರುತ್ತಿತ್ತು!

"ಅಕ್ಕಾ, ಅವರು ಹೋಗಬೇಡ ಅಂತ ಒಂದು ಮಾತು ಅಂದ್ರೆ ಸಾಕು, ಪೆಟ್ಟಿಗೆ ಬಿಚ್ಚಿಬಿಡ್ತೀನಿ," ಎಂದಿದ್ದಳು ಫೋನಿನಲ್ಲಿ.

"ಆ ಮೇಷ್ಟ್ರಾ? ಅವರು ಬಾಯಿ ಬಿಡೋ ಹೊತ್ತಿಗೆ ನಿನ್ನ ತಲೆ ನರೆತಿರುತ್ತೆ ಕಣೇ," ಎಂದಿದ್ದಳು ಅಕ್ಕ.

ಆದರೆ ಮೇಷ್ಟ್ರು ಬಾಯಿ ಬಿಟ್ಟ! ಬೀಳ್ಕೊಡುಗೆಗೆಂದು ಎಲ್ಲರೂ ನಡುಮನೆಯಲ್ಲಿ ಸೇರಿದಾಗ ಅವನು ಎದ್ದುನಿಂತು, ಕಂಪಿಸುವ ದನಿಯಲ್ಲಿ, "ಅನುವಾದಕಿಯವರು ಈ ಮನೆ ಬಿಟ್ಟು ಹೋಗಬಾರದು ಅಂತ ಸೂಚಿಸ್ತೀನಿ," ಎಂದ. ಪೆಟ್ಟಿಗೆಯ ಹಿಡಿಯ ಮೇಲಿದ್ದ ಅವಳ ಬೆರಳು ಸಡಿಲವಾಯಿತು. ಅಬ್ಬಾ, ಅಂತೂ ಹೇಳಿದನಲ್ಲ!

"ಒಳ್ಳೇದು. ಸೂಚಿಸಿದೋರೇ ವಿರೋಧಿಸಬೇಕಲ್ಲವೆ? ಶುರುಮಾಡಿ," ಎಂದಳು ಸಭೆಗೆ ಹಿರಿಯಳಾದ ಇತಿಹಾಸಕಾರ್ತಿ, ಕನ್ನಡಕ ಏರಿಸುತ್ತ.

ಅವನು ತಡವರಿಸಿದ. ಮೊದಲ ವಾಕ್ಯ ಎಡವಿತು, ಅವಳಿಗೆ ಹಿಗ್ಗಾಯಿತು. ಎರಡನೆಯದು ಸಾವರಿಸಿಕೊಂಡಿತು. ಮೂರನೆಯದಕ್ಕೆ, ಅಯ್ಯೋ, ರೆಕ್ಕೆ ಬಂದುಬಿಟ್ಟಿತು! "ಒಬ್ಬರನ್ನ ಇರಿ ಅನ್ನೋದು ಅಂದ್ರೆ ನಮ್ಮ ಕೊರತೆನ ಅವರ ಹೆಗಲಿಗೆ ಹೊರಿಸೋದು. ಪ್ರೀತಿ ಪೂರ್ಣವಾಗಿದ್ರೆ ಅದಕ್ಕೆ ಸಾಮೀಪ್ಯ ಬೇಕಿಲ್ಲ. ಸಾಮೀಪ್ಯ ಬೇಕೇ ಬೇಕು ಅಂದ್ರೆ ಅದು ಪ್ರೀತಿಯಲ್ಲ, ಬರೀ ಅಭ್ಯಾಸ!" ಮೇವು ಕಂಡ ಎತ್ತಿನಂತೆ ಅವನು ತನ್ನ ತರ್ಕದ ಹಿಂದೆ ಹೊರಟುಹೋದ. ಕಣ್ಣು ಹೊಳೆಯುತ್ತಿತ್ತು, ಕೈ ಗಾಳಿಯಲ್ಲಿ ಚಿತ್ರ ಬರೆಯುತ್ತಿತ್ತು. ಅವಳು ಅಲ್ಲೇ, ಅವನೆದುರೇ ಕೂತಿದ್ದಾಳೆಂಬುದೇ ಅವನಿಗೆ ಮರೆತಂತಿತ್ತು.

ಸೂಚನೆಯ ಪರವಾಗಿ ಮಾತಾಡಬೇಕಾಗಿದ್ದ ಕವಿ ಎದ್ದು, "ಇವರು ಹೋದ್ರೆ ಅಡುಗೆಮನೆಗೆ ಸ್ವಲ್ಪ ತೊಂದರೆ..." ಎಂದು ಗೊಣಗಿ ಕೂತ.

"ವಿರೋಧಿಸೋರು ಕೈ ಎತ್ತಿ," ಎಂದಳು ಇತಿಹಾಸಕಾರ್ತಿ. ಎಲ್ಲರೂ ಎತ್ತಿದರು. ತನ್ನ ವಾದಕ್ಕೆ ತಾನೇ ಮರುಳಾಗಿ, ಅಭ್ಯಾಸಬಲದಿಂದ, ಮೇಷ್ಟ್ರೂ ಕೈ ಎತ್ತಿದ! ಭಲೇ ಭಲೇ ಎಂದು ಅವನ ಬೆನ್ನು ತಟ್ಟಿದರು. ಗೆಲುವಿನ ಬೆಳಕು ಅವನ ಮುಖದಲ್ಲಿ ಹರಡಿದ್ದನ್ನು ಅನುವಾದಕಿ ನೋಡಿದಳು. ಅವಳಿಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಗೇಟಿನ ಬಳಿ ಅವನು ಓಡಿಬಂದ. ಚಪ್ಪಲಿ ಹಾಕಿಕೊಂಡಿರಲಿಲ್ಲ, ಮುಖದ ಬೆಳಕು ಆರಿತ್ತು.

"ನಾನು ಹೇಳಿದ್ದು ಯಾವುದೂ ಮನಸ್ಸಿನ ಮಾತಲ್ಲ. ನೀವು ಇರಬೇಕು ಅಂತಲೇ ನನ್ನ ಆಸೆ. ನಿಯಮ ಇತ್ತು, ಅದಕ್ಕೇ ವಾದಿಸಿದೆ..."

"ಗೊತ್ತು," ಎಂದಳು ಅವಳು. "ಎಲ್ಲಾದರೂ ಒಂದು ಕಡೆ ಮಾತು ಸಿಗದೆ ನಿಂತುಬಿಡ್ತೀರೇನೋ ಅಂತ ಕಾದೆ. ವಾದಿಸಬೇಕು ಅಂತ ನಿಯಮ ಇತ್ತು ಮೇಷ್ಟ್ರೇ. ಗೆಲ್ಲಬೇಕು ಅಂತ ಇರಲಿಲ್ಲ."

ಅವನ ಹುಬ್ಬು ಗಂಟಿಕ್ಕಿತು, ಮೆಲ್ಲನೆ ಸಡಿಲವಾಯಿತು. "ಹೌದಲ್ಲ!" ಎಂದ, ಬೆರಗಿನಿಂದ. "ಇದಕ್ಕೆ ನನ್ನ ಹತ್ತಿರ ಉತ್ತರವೇ ಇಲ್ಲ. ಬಹಳ ಒಳ್ಳೆಯ ವಾದ!"

ಅವಳು ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಕಣ್ಣು ತುಂಬಿಬಂತು. ಇಂಥವನಿಗಾಗಿ ಕಾದೆನಲ್ಲ ಎಂದು ತನ್ನ ಮೇಲೂ ಒಂದಿಷ್ಟು ತಾತ್ಸಾರ ಹುಟ್ಟಿತು. ಸೆರಗಿನಿಂದ ಮುಖ ಒರೆಸಿಕೊಂಡು, ಹೊಂಬಿಸಿಲು ಬಾಡುತ್ತಿದ್ದ ಬೀದಿಯಲ್ಲಿ ಹಿಂದಿರುಗಿ ನೋಡದೆ ನಡೆದಳು.

ಒಳಗೆ ಸಭೆ ಮುಂದುವರಿದಿತ್ತು. ಮೇಷ್ಟ್ರು ಅತ್ತ ಹೋಗದೆ ಅಡುಗೆಮನೆಗೆ ಹೋದ. ಅಂದು ತಳಮಳದಲ್ಲಿ ಅವನು ತೊಳೆಯದೆ ಬಿಟ್ಟಿದ್ದ, ಅವಳು ಮಧ್ಯಾಹ್ನ ಉಂಡ ತಟ್ಟೆ ತೊಟ್ಟಿಯಲ್ಲೇ ಇತ್ತು. ಸೋರುವ ನಲ್ಲಿಯಡಿ ಅದನ್ನು ತನ್ನ ತಟ್ಟೆಯೊಡನೆ ತೊಳೆದು, ಎರಡನ್ನೂ ಒರಗಿಸಿಟ್ಟು, ಆಗ ಮಾತ್ರ ಅತ್ತ. ಆ ಅಳುವಿನಲ್ಲಿ ತರ್ಕವಿರಲಿಲ್ಲ; ಕೇಳಬೇಕಾಗಿದ್ದವಳೂ ಇರಲಿಲ್ಲ...

ಮನುಷ್ಯಹೃದಯ ಅದೆಷ್ಟು ಅಲ್ಪತೃಪ್ತ, ಓದುಗರೇ! ತನಗಾಗಿ ಒಬ್ಬರು ಎಲ್ಲರೆದುರು ತೊದಲಲಿ, ಪೆದ್ದಾಗಲಿ, ನಾಲ್ಕು ಜನ ನಗುವಂತೆ ಸೋಲಲಿ ಎಂದಷ್ಟೇ ಅದು ಬೇಡುತ್ತದೆ. ಜಾಣರು ಅದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕೊಡುತ್ತಾರೆ.