ಕೊಳಗ ತೊಳೆದ ಪುಡಿ

ಚುಂಚನಕಟ್ಟೆಯಲ್ಲಿ ಸಣ್ಣತಾಯಮ್ಮನ ಪಾತ್ರೆಗಳಿಗೆ ಒಂದು ಹೆಸರಿತ್ತು. ಮದುವೆಯಾಗಲಿ, ತಿಥಿಯಾಗಲಿ, ದೊಡ್ಡ ಪಾತ್ರೆ ಬೇಕೆಂದರೆ ಬೀದಿಯವರು ಅವಳ ಮನೆಗೇ ಬರುತ್ತಿದ್ದರು. ತಾಯಿ ಮನೆಯಿಂದ ಬಂದ ಹಿತ್ತಾಳೆಯ ಕೊಳಗ, ತಪ್ಪಲೆಗಳು, ಬಚ್ಚಲಿನ ತಾಮ್ರದ ಹಂಡೆ, ಎಲ್ಲವನ್ನೂ ಅವಳು ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ತಾನೇ ಬೆಳಗುತ್ತಿದ್ದಳು. ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ಅತ್ತೆಯರು, "ಸಣ್ಣತಾಯಿ ಹಿತ್ತಲಿಗೆ ಒಂದ್ಸಾರಿ ಹೋಗಿ ನೋಡ್ಕೊಂಡು ಬಾ" ಅನ್ನುವುದಿತ್ತು. ಅವಳ ಗಂಡ ದಾಸಯ್ಯ ನಾಲೆ ಕೆಳಗಿನ ಗದ್ದೆ ನೋಡಿಕೊಂಡಿದ್ದ ಮನುಷ್ಯ. ಪಾತ್ರೆ ಹೊಳೆದರೂ ಸರಿ, ಹೊಳೆಯದಿದ್ದರೂ ಸರಿ, ಅನ್ನ ಬಿಸಿಯಾಗಿದ್ದರೆ ಅವನಿಗೆ ಸಾಕು.

ಸ್ಟೀಲ್ ಪಾತ್ರೆ ಹಳ್ಳಿ ಮನೆಗಳಿಗೆ ಇನ್ನೂ ಅಷ್ಟಾಗಿ ಬಂದಿರದ ಕಾಲ ಅದು. ಕೃಷ್ಣರಾಜನಗರದಿಂದ ಬೆಳಗಿನ ಬಸ್ಸಿಗೆ ಒಬ್ಬ ಹೆಂಗಸು ಬಂದಿಳಿದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ದಪ್ಪ ಬಟ್ಟೆಯ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ಹೆಸರು ಶಿವರುದ್ರಮ್ಮ. ಮೈಸೂರಿನ ಒಂದು ಕಂಪನಿಯವರು ಮಾಡುವ ಪುಡಿಯನ್ನು ಅಂಗಡಿಗೆ ಕೊಡದೆ ಮನೆಮನೆಗೆ ಹೋಗಿ ಮಾರುವುದು ಅವಳ ಕೆಲಸ. ಪುಡಿಯ ಹೆಸರು ಬೆಳ್ಳಿಚುಕ್ಕಿ. ಹಳದಿ ಡಬ್ಬಿ, ಮೇಲೆ ನೀಲಿ ನಕ್ಷತ್ರದ ಚಿತ್ರ.

ಅವಳು ಬೀದಿಯ ಮೊದಲ ಮನೆಯಲ್ಲಿ ಕೇಳಿದಳು. ಅಲ್ಲಿಯ ಬೀರಮ್ಮ, "ಸಣ್ಣತಾಯಕ್ಕ ತಕ್ಕೊಂಡ್ರೆ ನಾನೂ ತಕ್ಕೋತೀನಿ" ಅಂದಳು. ಎರಡನೆಯ ಮನೆಯಲ್ಲೂ ಅದೇ ಮಾತು. ಶಿವರುದ್ರಮ್ಮ ಉಳಿದ ಮನೆಗಳನ್ನು ಬಿಟ್ಟು ನೇರವಾಗಿ ಸಣ್ಣತಾಯಮ್ಮನ ಜಗಲಿಗೆ ಬಂದು ಕೂತಳು.

"ನಮಗೆ ಬೂದಿ ಐತೆ ಕಣವ್ವ. ಪುಡಿ ಯಾಕೆ?" ಅಂದಳು ಸಣ್ಣತಾಯಮ್ಮ.

"ಬೇಡ ಅಂದ್ರೆ ಬೇಡ ತಾಯಿ. ನಿಮಗೆ ಯಾವುದು ಬಗ್ಗಲ್ವೋ ಆ ಪಾತ್ರೆ ತೋರಿಸಿ. ನಾನು ತೊಳೆದು ಎದ್ದು ಹೋಗ್ತೀನಿ."

ಬಗ್ಗದ ಪಾತ್ರೆ ಅಂದರೆ ಬಚ್ಚಲ ಹಂಡೆ. ಅದರ ಕುತ್ತಿಗೆಯ ಕೆಳಗೆ ಹೊಗೆ, ನೀರಿನ ಕಲೆ ಸೇರಿ ಕಪ್ಪು ಪಟ್ಟಿ ಕಟ್ಟಿತ್ತು. ಹುಣಸೆಹಣ್ಣಿಗೂ ಅದು ಜಗ್ಗಿರಲಿಲ್ಲ. ಶಿವರುದ್ರಮ್ಮ ಸೆರಗು ಸಿಕ್ಕಿಸಿ ಕೂತು, ಒದ್ದೆ ಬಟ್ಟೆಗೆ ಒಂದು ಚಿಟಿಕೆ ಪುಡಿ ಹಾಕಿ ಉಜ್ಜಿದಳು. ಕಪ್ಪು ಕರಗಿ ಕೆಳಗಿಳಿಯಿತು. ನೀರು ಹುಯ್ದಾಗ ಹೊಸ ತಾಮ್ರದ ಬಣ್ಣ ಬಂತು. ಬಾಗಿಲಲ್ಲಿ ನಿಂತಿದ್ದ ಬೀದಿಯ ಹೆಂಗಸರು ಕತ್ತು ಚಾಚಿ ನೋಡಿದರು. ಸಣ್ಣತಾಯಮ್ಮ ಬಗ್ಗಿ ಹಂಡೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ತನ್ನ ಇಷ್ಟು ವರ್ಷದ ಕೈ ಕೆಲಸವನ್ನು ಯಾರೋ ಒಂದು ಗಳಿಗೆಯಲ್ಲಿ ಮಾಡಿಬಿಟ್ಟರಲ್ಲ ಎಂದು ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆದರೂ ಹಂಡೆಯ ಮೇಲಿನ ಕಣ್ಣು ಕೀಳಲಾಗಲಿಲ್ಲ.

"ಇದ್ರೊಳಗೆ ಏನು ಹಾಕವ್ರೆ?"

"ಕಂಪನಿಯವರು ಹೇಳಲ್ಲ ತಾಯಿ. ಕೈಗೆ ಏನೂ ಆಗಲ್ಲ, ನೋಡಿ" ಎಂದು ಅವಳು ಅಂಗೈ ಬಿಡಿಸಿ ತೋರಿಸಿದಳು. ಅಂಗೈ ಚೆನ್ನಾಗಿಯೇ ಇತ್ತು.

ಸಣ್ಣತಾಯಮ್ಮ ಒಂದು ಡಬ್ಬಿ ತೆಗೆದುಕೊಂಡಳು. ಅವಳು ತೆಗೆದುಕೊಂಡ ಮೇಲೆ ಬೀರಮ್ಮ, ಪಕ್ಕದ ಮನೆಯ ಮರಮ್ಮ, ಆಚೆ ಬೀದಿಯವರು, ಎಲ್ಲರೂ ತೆಗೆದುಕೊಂಡರು. ಹೊರಡುವಾಗ ಶಿವರುದ್ರಮ್ಮ ಇನ್ನೊಂದು ಡಬ್ಬಿಯನ್ನು ಸಣ್ಣತಾಯಮ್ಮನ ಕೈಗಿಟ್ಟು, "ನಿಮ್ಮಿಂದ ಇಷ್ಟು ಮನೆ ಆಯ್ತು. ಇದು ನಿಮಗೆ ಹಾಗೇ" ಅಂದಳು. ಬೇಡ ಅನ್ನಬೇಕು ಅನಿಸಿದರೂ ಸಣ್ಣತಾಯಮ್ಮ ಅದನ್ನು ಗೂಡಿನಲ್ಲಿಟ್ಟಳು.

ಮುಂದಿನ ತಿಂಗಳು ಮರಮ್ಮನ ಮಗಳ ಮಗುವಿಗೆ ಹೆಸರಿಡುವ ಶಾಸ್ತ್ರ. ಮರಮ್ಮ ದಾಸಯ್ಯನಿಗೆ ವರಸೆಯಲ್ಲಿ ತಂಗಿ. ಕೊಳಗ ಅವಳ ಮನೆಗೆ ಹೋಯಿತು. ಬೆಳಿಗ್ಗೆ ಹೆಂಗಸರು ಹಿತ್ತಲಲ್ಲಿ ಕೂತು ಬೆಳ್ಳಿಚುಕ್ಕಿ ಹಾಕಿ ಕೊಳಗವನ್ನು ಒಳಗೂ ಹೊರಗೂ ತಿಕ್ಕಿದರು. ಸಣ್ಣತಾಯಮ್ಮನೂ ಅಲ್ಲೇ ಇದ್ದಳು. ನೆಂಟರು ಬಂದಾಗ ಕೊಳಗ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದರಲ್ಲಿ ಹುಳಿಸಾರು ಮಾಡಿದರು. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಹೊತ್ತು ಇಳಿಯುವ ಮೊದಲೇ ಮರಮ್ಮನ ಬೀಗರಲ್ಲಿ ಒಬ್ಬರು ಹೊಟ್ಟೆ ಹಿಡಿದುಕೊಂಡು ಕೂತರು. ಆಮೇಲೆ ಇನ್ನೊಬ್ಬರು ವಾಂತಿ ಮಾಡಿದರು. ಬಾಣಂತಿಗೂ ವಾಂತಿ ಶುರುವಾದಾಗ ಮನೆಯವರು ಗಾಡಿ ಕಟ್ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲ. ಮಾರನೆಯ ದಿನಕ್ಕೆ ಎಲ್ಲರೂ ಗಂಜಿ ಕುಡಿಯುವಂತಾದರು. ಡಾಕ್ಟರು, "ನೀರಿಂದಾಗಿರಬಹುದು, ಪಾತ್ರೆಯಿಂದಾಗಿರಬಹುದು, ಮಜ್ಜಿಗೆಯಿಂದಲೂ ಆಗಿರಬಹುದು" ಎಂದು ಹೇಳಿ ಮಾತ್ರೆ ಕೊಟ್ಟರು.

ಆದರೆ ಊರಿನ ಬಾಯಲ್ಲಿ ಅಷ್ಟು ಕಾರಣಗಳು ಉಳಿಯಲಿಲ್ಲ. ಪುಡಿ ಎನ್ನುವ ಒಂದೇ ಕಾರಣ ಉಳಿಯಿತು.

ಒಂದು ಬೆಳಿಗ್ಗೆ ಸಣ್ಣತಾಯಮ್ಮ ಬಾಗಿಲು ತೆಗೆದಾಗ ಜಗಲಿಯ ಮೇಲೆ ಒಂದು ಹಳದಿ ಡಬ್ಬಿ ಇತ್ತು. ಮಧ್ಯಾಹ್ನಕ್ಕೆ ಅದರ ಪಕ್ಕ ಇನ್ನೆರಡು ಬಂದು ಕೂತವು. ಯಾರು ಇಟ್ಟರೆಂದು ಕಾಣಲಿಲ್ಲ. ಬೀರಮ್ಮ ಮಾತ್ರ ಎದುರಿಗೇ ಬಂದು ಇಟ್ಟು, "ತಪ್ಪು ತಿಳ್ಕೋಬ್ಯಾಡ ಕಣಕ್ಕ. ಮನೇಲಿ ಮಕ್ಕಳವ್ರೆ" ಅಂದು ಹೋದಳು. ಮರಮ್ಮ ಕೊಳಗವನ್ನು ತೊಳೆದು ವಾಪಸು ಕಳಿಸಿದಳು, ತಾನು ಬರಲಿಲ್ಲ.

"ಅವರು ನನ್ನ ಮಾತು ನಂಬಿ ತಕ್ಕೊಂಡ್ರು. ಈಗ ನಾನು ಏನಂತ ಯೋಳ್ಲಿ?" ಎಂದು ಸಣ್ಣತಾಯಮ್ಮ ಗಂಡನನ್ನು ಕೇಳಿದಳು.

"ನಾನೂ ಅದೇ ಸಾರು ಉಂಡಿವ್ನಿ. ನಂಗೇನೂ ಆಗ್ನಿಲ್ಲ. ಎರಡು ಸಾರಿ ಹಾಕಿಸ್ಕೊಂಡೆ" ಅಂದ ದಾಸಯ್ಯ. "ಆ ಬೀಗರ ಕಡೆ ಮುದುಕಿ ಇತ್ತಲ್ಲ, ಅದು ಸಾರು ಮುಟ್ಟೇ ಇಲ್ಲ, ಮೊಸರನ್ನ ಉಂಡದ್ದು. ಅದಕ್ಕೂ ವಾಂತಿ ಆಯ್ತು."

"ಅಂಗಾದ್ರೆ ಪುಡಿ ಅಲ್ವಾ?"

"ಅಲ್ಲ ಅಂತ ನಾನೆಲ್ಲಿ ಅಂದೆ?"

ಈ ಮಾತಿನಿಂದ ಅವಳಿಗೆ ಏನೂ ಸಿಗಲಿಲ್ಲ. ಅವಳು ಕೊಳಗವನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಹಿತ್ತಾಳೆ ಪಾತ್ರೆಯ ಒಳಮೈಗೆ ತವರದ ಬಿಳಿ ಲೇಪ, ಅಂದರೆ ಕಲಾಯಿ, ಇರಲೇಬೇಕು. ಇಲ್ಲದಿದ್ದರೆ ಹುಳಿ ಹಾಕಿದ ಅಡುಗೆಗೆ ಕಿಲುಬು ಇಳಿದು ವಿಷವಾಗುತ್ತದೆ. ಇದು ಅವಳಿಗೆ ಗೊತ್ತಿದ್ದದ್ದೇ. ತಳದಲ್ಲಿ ಒಂದು ಕಡೆ ಬಿಳಿ ಹೋಗಿ ಹಳದಿ ಕಾಣುತ್ತಿತ್ತು. ಅದು ಪುಡಿ ಹಾಕುವ ಮೊದಲೂ ಇತ್ತೇ? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಕಲಾಯಿ ಹಾಕಿಸಿ ಬಹಳ ದಿನವಾಗಿತ್ತು ಎನ್ನುವುದಂತೂ ನಿಜ. ಆ ದಿನ ಬೆಳಿಗ್ಗೆ ತಾನೇ ಹಿತ್ತಲಲ್ಲಿ ಕೂತಿದ್ದರೂ ಹೊರಗಿನ ಹೊಳಪು ನೋಡಿದಳೇ ಹೊರತು ಒಳಗೆ ಬಗ್ಗಿ ನೋಡಿರಲಿಲ್ಲ.

ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅವಳು ಕೃಷ್ಣರಾಜನಗರದ ಬಸ್ಸು ಹತ್ತಿದಳು. ಅಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಕೇಳಿಕೊಂಡು ಶಿವರುದ್ರಮ್ಮನ ಮನೆ ಹುಡುಕಿದಳು. ವಠಾರದ ಕೊನೆಯ ಮನೆ. ಶಿವರುದ್ರಮ್ಮ ಹೊಸ್ತಿಲಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ಚೀಲ ನೋಡಿದ ಕೂಡಲೇ ಅವಳ ಮುಖ ಬಾಡಿತು.

ನಡೆದದ್ದನ್ನೆಲ್ಲ ಕೇಳಿ ಅವಳು ಹುರುಳಿಯ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಬಾಣಂತಿ ಹೇಗಿದ್ದಾಳೆ?" ಎಂದು ಕೇಳಿದಳು.

"ಚೆನ್ನಾಗವ್ಳೆ. ಮಗೂನೂ ಚೆನ್ನಾಗೈತೆ. ನಂಗೆ ಬೇಕಾದ್ದು ಒಂದೇ ಮಾತು. ಈ ಪುಡಿ ನಂಬಬೌದೋ, ನಂಬಬಾರದೋ?"

ಶಿವರುದ್ರಮ್ಮ ಎದ್ದು ಒಳಗಿಂದ ಒಂದು ಲೋಟ ತಂದಳು. ಸಣ್ಣತಾಯಮ್ಮನ ಎದುರಿಗೇ ಅದಕ್ಕೆ ಬೆಳ್ಳಿಚುಕ್ಕಿ ಹಾಕಿ ಉಜ್ಜಿದಳು, ತೊಳೆದಳು, ಅದರಲ್ಲೇ ನೀರು ತುಂಬಿ ಗಟಗಟ ಕುಡಿದಳು. "ನಾನು ದಿನಾ ಇದರಲ್ಲೇ ತೊಳೆಯೋದು ತಾಯಿ. ಸುಳ್ಳು ಹೇಳಿದ್ರೆ ನನ್ನ ಬಾಯಿ ಸೇದಿಹೋಗಲಿ."

ಸಣ್ಣತಾಯಮ್ಮ ಲೋಟವನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಲ್ಯೂಮಿನಿಯಂ. ತಲೆ ಎತ್ತಿ ಒಳಗೆ ನೋಡಿದಳು. ಒಲೆಯ ಪಕ್ಕ, ಗೂಡಿನಲ್ಲಿ, ನೀರಿನ ಜಾಗದಲ್ಲಿ, ಎಲ್ಲ ಕಡೆ ಅಲ್ಯೂಮಿನಿಯಂ, ಒಂದೆರಡು ಮಣ್ಣಿನ ಗಡಿಗೆ.

"ಕಲಾಯಿ ಪಾತ್ರೆ ಒಂದೂ ಇಲ್ವಾ?"

"ಇತ್ತು. ನಮ್ಮೆಜಮಾನ್ರು ಕಾಯಿಲೆ ಬಿದ್ದಾಗ ಎಲ್ಲಾ ಹೋಯ್ತು." ಶಿವರುದ್ರಮ್ಮ ಲೋಟವನ್ನು ವಾಪಸು ತೆಗೆದುಕೊಂಡಳು. "ಕಂಪನಿಯವರು ಮೈಸೂರಲ್ಲಿ ನಮ್ಮನ್ನ ಕೂರಿಸಿ ಒಂದು ತಾಮ್ರದ ಚೆಂಬು ತೊಳೆದು ತೋರಿಸಿದ್ರು. ಹೊರಗಡೆ ಮಾತ್ರ. ಅದೇ ನಾನು ಕಲಿತಿದ್ದು. ಕಲಾಯಿ ಮಾತು ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ."

ಸಣ್ಣತಾಯಮ್ಮ ಜಗಳ ಮಾಡಬೇಕೆಂದೇ ಬಂದವಳು. ಬಸ್ಸಿನಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದಳು. ಈಗ ಯಾರ ಹತ್ತಿರ ಜಗಳ ಮಾಡುವುದೆಂದು ತಿಳಿಯಲಿಲ್ಲ. ಈ ಹೆಂಗಸು ಮೋಸ ಮಾಡಿದವಳಂತೆ ಕಾಣಲಿಲ್ಲ. ಹಾಗೆಂದು ಇವಳ ಮಾತನ್ನು ನಂಬಿ ಹೋಗುವಂತೆಯೂ ಇರಲಿಲ್ಲ. ಶಿವರುದ್ರಮ್ಮ ಡಬ್ಬಿಗಳನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು. ಸಣ್ಣತಾಯಮ್ಮ ಒಂದು ಡಬ್ಬಿಯನ್ನು ಮಾತ್ರ ಹಿಡಿದುಕೊಂಡಳು.

"ಇದೊಂದು ನಂತಾವ ಇರ್ಲಿ. ನಾನೇ ನೋಡ್ತೀನಿ."

ಸುಗ್ಗಿ ಮುಗಿಯುವ ಹೊತ್ತಿಗೆ ಹುಣಸೂರಿನ ಕಲಾಯಿ ಸಾಬರು ಗಾಳಿ ಊದುವ ತಿದಿ ಹೊತ್ತುಕೊಂಡು ಊರಿಗೆ ಬಂದು ಅರಳಿಕಟ್ಟೆಯ ಹತ್ತಿರ ಒಲೆ ಹೂಡಿದರು. ಸಣ್ಣತಾಯಮ್ಮ ಕೊಳಗವನ್ನು ಅವರ ಮುಂದಿಟ್ಟು ವಿಷಯ ಹೇಳಿದಳು. ಸಾಬರು ಬೆರಳಿಂದ ತಳ ಸವರಿದರು.

"ಪುಡಿಯಿಂದ ಹೋಗಿರಬಹುದು ತಾಯಿ. ಹಳೇ ಕಲಾಯಿ, ತಾನಾಗೇ ಹೋಗಿರಬಹುದು. ಮರಳು ಹಾಕಿ ಉಜ್ಜಿದ್ರೂ ಹಿಂಗೇ ಆಗ್ತದೆ. ಹೋದ ಮೇಲೆ ನೋಡಿ ಹೇಳೋಕೆ ನನ್ನ ಕೈಲಾಗಲ್ಲ."

"ನಿಮಗೇ ಗೊತ್ತಾಗ್ದಿದ್ರೆ ಇನ್ಯಾರಿಗೆ ಗೊತ್ತಾದದು?"

ಸಾಬರು ನಕ್ಕರು. "ಪುಡಿ ಕೆಟ್ಟದ್ದು ಅಂತ ನಾನಂದ್ರೆ ಜನ ಬೂದಿಗೆ ಹೋಗ್ತಾರೆ, ನನ್ನ ಕೆಲಸ ಕಮ್ಮಿ ಆಗ್ತದೆ. ಒಳ್ಳೇದು ಅಂದ್ರೆ, ಕಲಾಯಿ ಬೇಗ ಹೋಗಿ ನನಗೆ ಕೆಲಸ ಸಿಗಲಿ ಅಂತ ಹೇಳ್ತಾನೆ ಅಂತಾರೆ. ನನ್ನ ಕೇಳಬೇಡಿ ತಾಯಿ."

ಅವಳು ಕೊಳಗದ ಜೊತೆ ಎರಡು ಸಣ್ಣ ತಪ್ಪಲೆಗಳಿಗೂ ಕಲಾಯಿ ಹಾಕಿಸಿದಳು. ಎರಡೂ ಒಂದೇ ಅಳತೆಯವು. ಅಂದಿನಿಂದ ಒಂದನ್ನು ಬೂದಿಯಲ್ಲಿ, ಇನ್ನೊಂದನ್ನು ಬೆಳ್ಳಿಚುಕ್ಕಿಯಲ್ಲಿ ತೊಳೆಯತೊಡಗಿದಳು. ಯಾರಿಗೂ ಮುಟ್ಟಲು ಬಿಡಲಿಲ್ಲ. ಅವುಗಳಲ್ಲಿ ಅಡುಗೆ ಮಾಡದೆ ಬರೀ ಹುಣಸೆ ನೀರು ಕಾಯಿಸಿ ಚೆಲ್ಲುತ್ತಿದ್ದಳು. ದಾಸಯ್ಯ ನೋಡಿದಷ್ಟು ದಿನ ನೋಡಿ, "ಊರಲ್ಲಿ ಜನ ಹುಣಸೆಹಣ್ಣು ಉಣ್ಣಾಕೆ ತರ್ತಾರೆ, ನೀನು ಮೋರಿಗೆ ಹುಯ್ಯೋಕೆ ತರ್ತೀಯಲ್ಲ" ಅಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆಯ ಕೊನೆಗೆ ಪುಡಿಯ ತಪ್ಪಲೆಯ ಒಳಗೆ ಬಿಳಿಯ ಕೆಳಗಿಂದ ಹಳದಿ ಇಣುಕಿತು. ಬೂದಿಯದು ಹಾಗೇ ಇತ್ತು. ಎರಡನ್ನೂ ಎತ್ತಿಕೊಂಡು ಅವಳು ನಾಲೆ ಏರಿಗೆ ಓಡಿದಳು.

"ನೋಡಿ. ಪುಡಿಯೇ ತಿಂದಿರೋದು."

ದಾಸಯ್ಯ ಗುದ್ದಲಿ ಇಟ್ಟು ಎರಡನ್ನೂ ತಿರುಗಿಸಿ ನೋಡಿದ. "ಎರಡನ್ನೂ ಒಂದೇ ತರ ಉಜ್ಜಿದ್ಯಾ?"

"ಒಂದೇ ತರ."

"ಸರಿ ಬುಡು. ಅಂಗಾದ್ರೆ ಪುಡಿಯೇ."

ಆದರೆ ಮನೆಗೆ ಬರುವ ದಾರಿಯಲ್ಲಿ ಅವಳ ಕಾಲು ನಿಧಾನವಾಯಿತು. ಒಂದೇ ತರ ಉಜ್ಜಿದ್ದೇನೆಯೇ? ಬೂದಿಯ ತಪ್ಪಲೆ ಹಿಡಿದಾಗ ಮನಸ್ಸು ಎಲ್ಲೋ ಇರುತ್ತಿತ್ತು. ಪುಡಿಯ ತಪ್ಪಲೆ ಹಿಡಿದಾಗ ಮಾತ್ರ, ಹೋಗುತ್ತದೋ ಇಲ್ಲವೋ ನೋಡೇಬಿಡೋಣ ಎನ್ನುವಂತೆ ಕೈ ಬಿಗಿಯಾಗುತ್ತಿತ್ತು. ಹಾಗಿದ್ದರೆ ಕಲಾಯಿ ತೆಗೆದದ್ದು ಪುಡಿಯೋ, ತನ್ನ ಅನುಮಾನವೋ? ಅವಳು ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು ತಪ್ಪಲೆಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅಳು ಬರುವಂತಾಯಿತು. ಇಷ್ಟು ಸಣ್ಣ ವಿಷಯ, ಇಷ್ಟು ದಿನ ನೋಡಿದರೂ ಕೈಗೆ ಸಿಗಲಿಲ್ಲವಲ್ಲ ಎಂದು.

ಆ ಸಂಜೆ ಅವಳು ಮೊದಲು ಹೋದದ್ದು ಮರಮ್ಮನ ಮನೆಗೆ. ಮರಮ್ಮ ಒಲೆ ಮುಂದೆ ಇದ್ದಳು. ಕೂರು ಅನ್ನಲಿಲ್ಲ.

"ಮರಮ್ಮ, ಪುಡಿಯಿಂದಲೇ ಆಯ್ತು ಅಂತ ನಂಗೆ ಗೊತ್ತಿಲ್ಲ. ಅಲ್ಲ ಅಂತಲೂ ಗೊತ್ತಿಲ್ಲ. ಕೊಳಗದ ಕಲಾಯಿ ಹಳೇದಾಗಿತ್ತು, ಅದು ನಾನು ನೋಡಬೇಕಿತ್ತು. ಇನ್ಮೇಲೆ ಕಲಾಯಿ ಪಾತ್ರೆ ಒಳಗೆ ಆ ಪುಡಿ ಹಾಕಬ್ಯಾಡಿ. ಹಂಡೆಗೆ, ಬಚ್ಚಲ ಕಲ್ಲಿಗೆ, ಕಿಟಕಿ ಸರಳಿಗೆ ಬೇಕಾದ್ರೆ ಹಾಕಿ. ನಂಗೆ ತಿಳಿದಿರೋದು ಇಷ್ಟೇ."

ಮರಮ್ಮ ಒಲೆಯ ಸೌದೆ ಹಿಂದಕ್ಕೆ ಎಳೆದಳು. "ನೀನು ಬರ್ತೀಯ ಅಂತ ನಾನು ಎಷ್ಟು ದಿನ ಕಾದೆ ಅತ್ತಿಗೆ" ಅಂದಳು. "ಪುಡಿ ಮನೆ ಹಾಳಾಗ್ಲಿ. ನೀನು ಬರ್ಲಿಲ್ಲ ಅಂತ ನಂಗೆ ಸಿಟ್ಟು."

ಕೊಳಗ ವಾಪಸು ಕಳಿಸಿ ಬಾರದೆ ಉಳಿದವಳು ಮರಮ್ಮ ಎಂದು ಸಣ್ಣತಾಯಮ್ಮ ತಿಳಿದಿದ್ದಳು. ಬಾರದೆ ಉಳಿದವಳು ಸಣ್ಣತಾಯಮ್ಮನೇ ಎಂದು ಮರಮ್ಮ ತಿಳಿದಿದ್ದಳು. ಯಾವುದು ಸರಿ ಎಂದು ಯೋಚಿಸಲು ಅವಳಿಗೆ ಶಕ್ತಿ ಉಳಿದಿರಲಿಲ್ಲ. ಮರಮ್ಮ ಕೊಟ್ಟ ಕಾಫಿ ಕುಡಿದು, ಮಗುವನ್ನು ಎತ್ತಿಕೊಂಡು, ಕತ್ತಲಾಗುವ ಮೊದಲು ಉಳಿದ ಮನೆಗಳಿಗೂ ಹೋಗಿ ಅದೇ ಮಾತು ಹೇಳಿದಳು. ಕೆಲವರು ತಲೆಯಾಡಿಸಿದರು. ಬೀರಮ್ಮ, "ಅಂಗಾದ್ರೆ ಒಳ್ಳೇದೋ ಕೆಟ್ಟದ್ದೋ, ಒಂದು ಮಾತು ಯೋಳಕ್ಕ" ಅಂದಳು. ಸಣ್ಣತಾಯಮ್ಮ ಕಲಾಯಿ ಪಾತ್ರೆಯ ಮಾತನ್ನೇ ಇನ್ನೊಮ್ಮೆ ಹೇಳಿ ಮನೆಗೆ ಹೊರಟಳು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸಣ್ಣತಾಯಮ್ಮ ಸಾಲಿಗ್ರಾಮದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಳು. ಪರಿಚಯವಿಲ್ಲದ ಒಬ್ಬ ಎಳೆಯ ಹೆಂಗಸು ಹತ್ತಿರ ಬಂದಳು.

"ನೀವು ಚುಂಚನಕಟ್ಟೆ ಸಣ್ಣತಾಯಮ್ಮನವರಾ?"

"ಹೂಂ ಕಣವ್ವ. ಯಾಕೆ?"

"ಪಾತ್ರೆ ಪುಡಿ ಮಾರೋ ಒಬ್ಬಮ್ಮ ನಮ್ಮೂರಿಗೆ ಬಂದಿದ್ರು. ಒಳ್ಳೇದಾ ಅಂತ ಕೇಳಿದ್ದಕ್ಕೆ, ನನ್ನ ಮಾತು ಬೇಡ, ಸಣ್ಣತಾಯಮ್ಮನವರು ಪರೀಕ್ಷೆ ಮಾಡವ್ರೆ, ಅವರನ್ನೇ ಕೇಳಿ ಅಂದ್ರು. ಅದಕ್ಕೆ ನಿಮ್ಮನ್ನ ಹುಡುಕ್ತಿದ್ದೆ. ತಕ್ಕೋಬೌದಾ?"

ಸಣ್ಣತಾಯಮ್ಮ ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟಳು. ಶಿವರುದ್ರಮ್ಮ ನೇರವಾಗಿ ನಡೆದುಕೊಂಡಳೋ, ತನ್ನ ಹೆಸರನ್ನೇ ಚೀಲಕ್ಕೆ ಹಾಕಿಕೊಂಡು ತಿರುಗುತ್ತಿದ್ದಾಳೋ ಎಂದು ಅರ್ಥವಾಗಲಿಲ್ಲ. ಹುಡುಗಿ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದಳು. ಹೌದು ಅಂದರೂ ಇಲ್ಲ ಅಂದರೂ ನಂಬಿ ಹೋಗುವ ಮುಖ.

"ಬಾ, ಈ ಕಡೆ ನೆರಳಿಗೆ ಬಾ" ಎಂದು ಅವಳನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಕೇಳಿದಳು. "ಮೊದಲು ನೀನು ಯೋಳು. ನಿಮ್ಮನೇಲಿ ಎಂಥಾ ಪಾತ್ರೆ ಐತೆ?"